ಗೌಡರ ಪಿಕಪ್ಪಿನ ಎಡಮಗ್ಗುಲು

ಮೊನ್ನೆ ನನ್ನ ವೆಲ್ಡಿಂಗ್ ಅಂಗಡಿಗೆ ಒಬ್ಬ ಗಿರಾಕಿ ತನ್ನ ಸಾಮಾನು ಗಾಡಿ ತಂದು ನಿಲ್ಲಿಸಿದ. ಕೆಳಗೆ ನುಸುಳಿ ನೋಡಿದರೆ ಚಾಸಿ ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿದೆ. ‘ನೋಡಪ್ಪಾ, ಇದು ಅಪಾಯ’ ಎಂದೆ. ಅವನು ಹಲ್ಲು ಕಿರಿದು, ‘ಇನ್ನೊಂದ್ ಮಳೆಗಾಲ ತಡೀತದೆ ಬುಡಣ್ಣ’ ಎಂದ. ನನಗೆ ಎಲ್ಲಿತ್ತೋ ಸಿಟ್ಟು! ‘ತಗೊಂಡೋಗಯ್ಯಾ ನಿನ್ನ ಗಾಡೀನ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ. ಪಾಪ, ಅವನಿಗೇನು ಗೊತ್ತು. ತೊಂಬತ್ತರ ದಶಕದಲ್ಲಿ ಇದೇ ಮಾತನ್ನು ಒಬ್ಬರೇ ಮನುಷ್ಯರ ಬಾಯಿಂದ ಕೇಳಿ ಕೇಳಿ ನನ್ನ ತಲೆ ನರೆತದ್ದು ಅವನು ನೋಡಿಲ್ಲ.

ಆ ಮನುಷ್ಯರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಊರಿನವರು ನಾಳೆ ಬೆಳಿಗ್ಗೆಯೇ ಅಂಗಡಿ ಮುಂದೆ ನಿಂತು, ‘ನಮ್ ಗೌಡ್ರುನ್ನ ಇಂಗೆಲ್ಲಾ ಆಡ್ಕತೀಯಾ’ ಎಂದು ಜಗಳ ತೆಗೆಯುತ್ತಾರೆ. ಗೌಡರು ಎಂದರೆ ಸಾಕು. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿ ಬಿಟ್ಟು ಒಳಕ್ಕೆ ಹೋದರೆ ಅವರ ಊರು. ನಾಲೆಯ ಬಯಲು, ಕಬ್ಬು, ಭತ್ತ, ಅಲ್ಲಲ್ಲಿ ಸೇವಂತಿಗೆ, ತರಕಾರಿ. ಗೌಡರು ಜೋಡೆತ್ತು, ಗಾಡಿ ಎರಡನ್ನೂ ಮಾರಿ ಮೈಸೂರಿನಿಂದ ಒಂದು ಹಳೆಯ ಪಿಕಪ್ಪು ತಂದಿದ್ದರು. ಬೆಳಿಗ್ಗೆ ಊರಿನ ಹೂವು ತರಕಾರಿ ಹೇರಿಕೊಂಡು ಶ್ರೀರಂಗಪಟ್ಟಣ, ಅಲ್ಲಿಂದ ಮೈಸೂರಿನ ಮಾರ್ಕೆಟ್ಟು. ಇದು ಅವರ ದಿನಚರಿ.

ಮಾರಿದ್ದು ಎತ್ತುಗಳನ್ನು ಮಾತ್ರ. ಎತ್ತು ಹೊಡೆಯುವವನ ಬುದ್ಧಿಯನ್ನು ಮಾರಿರಲಿಲ್ಲ. ಬ್ರೇಕು ತುಳಿಯುವಾಗ ‘ಓ... ಓ... ಓ...’ ಎಂದು ಬಾಯಲ್ಲೂ ಹೇಳುತ್ತಿದ್ದರು. ಏರು ಬಂದರೆ ಸೀಟಿನಲ್ಲಿ ತಾವೇ ಮುಂದಕ್ಕೆ ಬಾಗಿ ನೊಗ ಎಳೆಯುವವರಂತೆ ಹಲ್ಲು ಕಚ್ಚುತ್ತಿದ್ದರು. ಊರು ಮುಟ್ಟಿದ ಮೇಲೆ ಬಾನೆಟ್ಟಿನ ಮೇಲೆ ಕೈಯಾಡಿಸಿ, ‘ದಣ್ಕಂಡದೆ, ವಸಿ ಸುದಾರಿಸ್ಕಳ್ಳಿ’ ಎಂದು ಹೇಳಿಯೇ ಮನೆಯೊಳಗೆ ಹೋಗುವುದು. ಎತ್ತು ಇಲ್ಲದಿದ್ದರೂ ವರ್ಷಕ್ಕೊಮ್ಮೆ ಹೇಮಗಿರಿಯ ದನಗಳ ಜಾತ್ರೆಗೆ ಹೋಗಿ ಕಂಡವರ ಎತ್ತುಗಳ ಹಲ್ಲು ಹಿಡಿದು ನೋಡಿ ಬರುತ್ತಿದ್ದರು.

ತಲೆಗೆ ಸದಾ ಹಸಿರು ಅಂಚಿನ ಬಿಳಿ ಟವೆಲ್ಲು. ಟವೆಲ್ಲು ಹಳತಾದರೆ ಅದರ ಅಂಚನ್ನು ಉದ್ದಕ್ಕೆ ಹರಿದು ಹುರಿ ಮಾಡಿಟ್ಟುಕೊಳ್ಳುತ್ತಿದ್ದರು. ಪಿಕಪ್ಪಿನಲ್ಲಿ ಏನು ಕಳಚಿದರೂ ಅದೇ ಮದ್ದು. ಕನ್ನಡಿ ಅಲ್ಲಾಡಿತೇ, ಹಸಿರು ಅಂಚು ಸುತ್ತು. ಹಾರ್ನಿನ ವೈರು ಜೋತುಬಿತ್ತೇ, ಹಸಿರು ಅಂಚು ಬಿಗಿ. ಬಾಗಿಲಿನ ಹಿಡಿ ಕೈಗೆ ಬಂತೇ, ಅದಕ್ಕೂ ಅದೇ. ‘ಗೌಡ್ರೇ, ಇದಕ್ಕೊಂದು ಬೋಲ್ಟು ಹಾಕಿದ್ರೆ ಮುಗೀತದೆ’ ಎಂದರೆ, ‘ಕಟ್ಟಿರದು ಬಿಚ್ಚಬೌದು ಕಣ್ಲಾ ಆಚಾರಿ. ನೀನ್ ಬೆಸ್ದಿರದ ಬಿಚ್ಚಕಾದದಾ?’ ಎನ್ನುತ್ತಿದ್ದರು.

ನಾನು ನಾಗಮಂಗಲದ ಕಡೆಯವನು. ನಮ್ಮಪ್ಪ ಕುಲುಮೆಯಲ್ಲಿ ಗುದ್ದಲಿ, ಕುಡುಗೋಲು ಮಾಡುತ್ತಿದ್ದವರು. ನಾನು ಬೆಳ್ಳೂರು ಕ್ರಾಸಿನ ಲಾರಿ ಗ್ಯಾರೇಜೊಂದರಲ್ಲಿ ವೆಲ್ಡಿಂಗ್ ಕಲಿತು, ಪಾಂಡವಪುರದಲ್ಲಿ ಅಂಗಡಿ ಹಾಕಿಕೊಂಡೆ. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ಎಂಜಿನ್ನು, ಚಕ್ರ, ಹಿಂದಿನ ತೊಟ್ಟಿ ಎಲ್ಲವೂ ಕೂತಿರುವುದು ಆ ಎರಡು ಉದ್ದದ ಕಬ್ಬಿಣದ ಮೇಲೆ. ಅದು ಹೋದರೆ ಗಾಡಿ ಹೋಯಿತು, ಗಾಡಿಯಲ್ಲಿ ಕೂತವರೂ ಹೋದರು. ಇಷ್ಟು ಸರಳ ಮಾತು ಗೌಡರ ತಲೆಗೆ ಇಳಿಸಲು ನಾನು ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮೊದಲ ಸಲ ಅವರು ಬಂದದ್ದು ಹಿಂಬಾಗಿಲಿನ ಕೊಂಡಿ ಬೆಸೆಯಿಸಲು. ಕೊಂಡಿ ಬೆಸೆಯಲು ಕೆಳಗೆ ಮಲಗಿದವನಿಗೆ ಎಡಮಗ್ಗುಲ ಚಾಸಿ ಕಂಡಿತು. ಹಿಂದಿನ ಚಕ್ರದ ಮೇಲೆ ಕಬ್ಬಿಣ ಬಾಗಿ ಏರುತ್ತದಲ್ಲ, ಸರಿಯಾಗಿ ಅಲ್ಲಿ ಅಂಗೈಯಗಲ ತುಕ್ಕು. ಬೇರೆ ಕಡೆಯೆಲ್ಲ ವಯಸ್ಸಿಗೆ ತಕ್ಕಷ್ಟು ಕೆಂಪು, ಅಷ್ಟೆ. ಅಲ್ಲಿ ಮಾತ್ರ ಗೆದ್ದಲು ತಿಂದ ಹಾಗೆ. ಸುತ್ತಿಗೆ ಎತ್ತಿ ಒಂದೇಟು ಕೊಟ್ಟು ನೋಡೋಣವೆಂದರೆ ಗೌಡರು ಓಡಿಬಂದು ಕೈ ಹಿಡಿದುಕೊಂಡರು.

‘ಒಡೀಬ್ಯಾಡ ಕಣ್ಲಾ! ವಯಸ್ಸಾಗಿರೋರ್ ಪಕ್ಕೆಗೆ ಗುದ್ದುದ್ರೆ ನೋಯಾಕಿಲ್ವ?’

‘ಗೌಡ್ರೇ, ಇದು ಕಬ್ಬಿಣ. ಸದ್ದು ಕೇಳಿ ಗಟ್ಟಿ ಇದೆಯೋ ಟೊಳ್ಳೋ ನೋಡ್ಬೇಕು.’

‘ಓಡ್ತಾ ಅದಲ್ಲ, ಇನ್ನೇನ್ ನೋಡೀಯೆ? ಇನ್ನೊಂದ್ ಮಳೆಗಾಲ ತಡೀತದೆ ಬುಡು.’

ಬರೀ ಗಿರಾಕಿಯಾಗಿದ್ದರೆ ‘ನಿಮ್ಮ ಗಾಡಿ, ನಿಮ್ಮ ಹಣೆಬರಹ’ ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಹಾಗೆ ಮಾಡುವಂತಿರಲಿಲ್ಲ. ನನ್ನ ತಂಗಿ ಸಾವಿತ್ರಿಯನ್ನು ಕೊಟ್ಟದ್ದು ಅದೇ ಊರಿಗೆ. ಅವಳ ಗಂಡ ಮರಗೆಲಸದವನು. ಅವಳು ಶ್ರೀರಂಗಪಟ್ಟಣದಲ್ಲಿ ಹೆಂಗಸರಿಗೆ ಟೈಲರಿಂಗ್ ಹೇಳಿಕೊಡುವ ಕೆಲಸ ಹಿಡಿದಿದ್ದಳು. ಊರಿಗೆ ಮೊದಲ ಬಸ್ಸು ಬರುವ ಹೊತ್ತಿಗೆ ಅವಳ ತರಗತಿ ಅರ್ಧ ಮುಗಿದಿರುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಗೌಡರ ಪಿಕಪ್ಪಿನ ಹಿಂದೆ, ಹೂವಿನ ಚೀಲಗಳ ನಡುವೆ, ಸೊಪ್ಪು ಮಾರುವ ಹೆಂಗಸರ ಜೊತೆ ಕೂತು ಹೋಗುತ್ತಿದ್ದಳು. ಎಲ್ಲಿ ಕೂರುತ್ತೀಯೆ ಎಂದು ಕೇಳಿದೆ. ‘ಎಡಗಡೆ ಹಲಗೆ ಮೇಲೆ. ಗೌಡ್ರು ಹೆಂಗಸ್ರಿಗೆ ಅಂತಲೇ ಹಾಕ್ಸವ್ರೆ’ ಎಂದಳು. ಆ ತುಕ್ಕು ತಿಂದ ಮೂಲೆಯ ನೆತ್ತಿಯ ಮೇಲೆಯೇ ಆ ಹಲಗೆ. ಅವತ್ತಿನಿಂದ ಬೆಳಗಿನ ಕಾಫಿ ಹೊತ್ತಿಗೆಲ್ಲ ನನ್ನ ತಲೆಯಲ್ಲಿ ಆ ಹಲಗೆಯೇ.

ಹೆಂಗಸರ ಹತ್ತಿರ ಅವರು ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಯಾರಾದರೂ ಒಬ್ಬಳು ಬರುವುದು ತಡವಾದರೆ ಅವಳ ಮನೆಯ ಮುಂದೆ ಹೋಗಿ ನಿಂತು ಹಾರ್ನು ಹೊಡೆಯುತ್ತಿದ್ದರು. ವಯಸ್ಸಾದವಳು ಹತ್ತಲು ಮೆಟ್ಟಿಲಿಗೆಂದು ಒಂದು ಕಲ್ಲನ್ನು ಗಾಡಿಯಲ್ಲೇ ಹೊತ್ತುಕೊಂಡು ತಿರುಗುತ್ತಿದ್ದರು. ಇಷ್ಟೆಲ್ಲ ಕಾಳಜಿ ಇರುವ ಮನುಷ್ಯನಿಗೆ ಚಾಸಿಯ ಮಾತೆತ್ತಿದರೆ ಮಾತ್ರ ಕಿವುಡು.

ಕಾಡಿ ಬೇಡಿ ಮೊದಲ ಪ್ಯಾಚು ಹಾಕಿದೆ. ಕೊಳೆತದ್ದನ್ನು ಕೆರೆದು, ದಪ್ಪ ತಗಡು ಕೂರಿಸಿ, ಸುತ್ತ ಬೆಸೆದು, ಮೇಲೆ ಎರಡು ಕೋಟು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದೆ. ನನ್ನ ಕೆಲಸ ಎಂದರೆ ಕೆಲಸ. ಬೆಳ್ಳೂರಿನ ಲಾರಿಗಳಲ್ಲಿ ನಾನು ಹಾಕಿದ ಬೆಸುಗೆ ಇವತ್ತಿಗೂ ಓಡುತ್ತಿರಬೇಕು. ಆದರೆ ಒಂದು ಮಳೆಗಾಲ ಕಳೆದು ಗೌಡರು ಬಂದಾಗ ನೋಡುತ್ತೇನೆ, ಅದೇ ಜಾಗ, ಅದೇ ಅಂಗೈಯಗಲ, ಮತ್ತೆ ತುಕ್ಕು! ನನ್ನ ಹೊಸ ತಗಡಿನ ಅಂಚು ಹಪ್ಪಳದಂತೆ ಮುರಿದು ಕೈಗೆ ಬಂತು.

‘ಗಾಡೀನ ನಾಲೆಗೆ ಇಳಿಸ್ತೀರಾ?’ ಎಂದೆ.

‘ಮತ್ತೆ? ಮೈ ತೊಳ್ಯದ್ ಬ್ಯಾಡ್ವಾ?’

ಎತ್ತಿನ ಮೈ ತೊಳೆಯುವಂತೆ ಪಿಕಪ್ಪನ್ನು ನಾಲೆಯ ಸೋಪಾನದ ಹತ್ತಿರ ನೀರಿಗಿಳಿಸಿ, ಒಣಹುಲ್ಲು ಸುತ್ತಿ ಉಜ್ಜುತ್ತಿದ್ದರಂತೆ. ‘ಇನ್ಮೇಲೆ ನಾಲೆಗಿಳಿಸಿದ್ರೆ ನನ್ನ ಅಂಗಡಿಗೆ ಬರಬೇಡಿ’ ಎಂದು ಖಡಾಖಂಡಿತ ಹೇಳಿದೆ. ಪಾಪ, ಆ ಮಾತನ್ನು ನಡೆಸಿದರು. ಮನೆ ಮುಂದೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ಮತ್ತೆ ಪ್ಯಾಚು. ಮತ್ತೆ ಮಳೆಗಾಲ. ಮತ್ತೆ ಅಲ್ಲೇ ತುಕ್ಕು.

ಆಮೇಲೆ ಯೂರಿಯಾ ಮೂಟೆಗಳ ಮೇಲೆ ಅನುಮಾನ ಪಟ್ಟೆ. ಗೊಬ್ಬರದ ಪುಡಿ ಸೋರಿ ಕಬ್ಬಿಣ ತಿನ್ನುತ್ತದೆ. ಗೊಬ್ಬರ ಹೇರಬೇಡಿ ಎಂದೆ, ಬಿಟ್ಟರು. ಹೂವಿನ ಚೀಲಗಳಿಗೆ ನೀರು ಚಿಮುಕಿಸುತ್ತಾರಲ್ಲ, ಅದಿರಬೇಕೆಂದು ತೊಟ್ಟಿಗೆ ಟಾರ್ಪಾಲು ಹಾಸಿಸಿದೆ. ಬಲಗಡೆಯೂ ಅದೇ ನೀರು, ಅದೇ ಕೆಸರು, ಅದೇ ರಸ್ತೆ. ಬಲಗಡೆ ಏನೂ ಆಗಿಲ್ಲ. ಎಡಗಡೆ ಅದೇ ಮೂಲೆ ಮಾತ್ರ ಕೊಳೆಯುತ್ತದೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಇದರ ನಡುವೆ ಒಂದು ಆಯುಧಪೂಜೆ ಬಂತು. ಗೌಡರು ಮನೆಯ ಕಿಟಕಿಗೆ ಹೊಡೆದು ಉಳಿದಿದ್ದ ಹಸಿರು ಬಣ್ಣವನ್ನು ತಂದು ಚಾಸಿಗೆಲ್ಲ ಬಳಿದಿದ್ದರು. ತುಕ್ಕಿನ ಮೇಲೂ ಬಣ್ಣ, ಪ್ಯಾಚಿನ ಮೇಲೂ ಬಣ್ಣ, ಅರ್ಧ ಟೈರಿನ ಮೇಲೂ ಬಣ್ಣ. ಬೂದುಗುಂಬಳ ಒಡೆದು, ಕುಂಕುಮ ಮೆತ್ತಿ, ಬಾಳೆಕಂದು ಕಟ್ಟಿಕೊಂಡು ಮದುವಣಿಗನಂತೆ ನನ್ನ ಅಂಗಡಿಗೆ ಬಂದು ನಿಂತರು. ಕೈಯಲ್ಲಿ ನನಗೆಂದು ಪುರಿ, ಕಡ್ಲೆ, ಸಿಹಿ.

‘ನೋಡ್ಲಾ ಆಚಾರಿ, ಎಲ್ಲದೆ ನಿನ್ ತುಕ್ಕು?’

‘ಬಣ್ಣದ ಕೆಳಗಿದೆ ಗೌಡ್ರೇ!’

‘ಕೆಳ್ಗಿದ್ರೆ ಇರ್ಲಿ ಬುಡು. ಮ್ಯಾಲಕ್ಕೆ ಬಂದಾಗ ನೋಡ್ಕಳವ.’

ಬಾಯಿಯಲ್ಲಿ ಅವರು ಕೊಟ್ಟ ಪುರಿ ತುಂಬಿಕೊಂಡು ಬೈಯುವುದು ಹೇಗೆ? ನುಂಗಿದ ಮೇಲೆ ಬೈದೆ. ಅಷ್ಟರಲ್ಲಿ ಹೊರಟೇ ಹೋಗಿದ್ದರು.

ಕೊನೆಗೆ ಒಂದು ದಿನ ನೇರವಾಗಿ ಹೇಳಿದೆ. ‘ಇನ್ನು ಪ್ಯಾಚು ಹಾಕಲ್ಲ. ಪ್ಯಾಚಿನ ಮೇಲೆ ಪ್ಯಾಚು ಹಾಕಿ ಬೆಸೆಯೋಕೆ ಅಲ್ಲಿ ಕಬ್ಬಿಣವೇ ಉಳಿದಿಲ್ಲ. ತೊಟ್ಟಿ ಇಳಿಸಿ, ಕೊಳೆತ ತುಂಡು ಕತ್ತರಿಸಿ, ಹೊಸ ಚಾನಲ್ಲು ಕಬ್ಬಿಣ ಜೋಡಿಸಬೇಕು. ಗಾಡಿ ಬಿಟ್ಟುಹೋಗಿ.’

‘ಬುಟ್ಬುಟ್ರೆ ಊವ ಯಾರ್ಲಾ ತಗೊಂಡೋದಾರು? ಊರೋರೆಲ್ಲಾ ಗಿಡದಲ್ಲೇ ಬಾಡುಸ್ಬೇಕಾ?’

‘ಮುರಿದುಬಿದ್ರೆ?’

‘ಮುರಿಯಾಕಿಲ್ಲ.’

‘ಅದ್ಹೇಗೆ ಅಷ್ಟು ಧೈರ್ಯ ನಿಮಗೆ?’

ಗೌಡರು ಒಂದು ಕ್ಷಣ ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದರು. ‘ಅದ್ಕೆಲ್ಲಾ ವ್ಯವಸ್ತೆ ಮಾಡಿವ್ನಿ ಕಣ್ಲಾ’ ಎಂದು ಟವೆಲ್ಲು ಕೊಡವಿ ಹೊರಟರು. ಊರಲ್ಲಿ ಯಾರೋ, ‘ಆಚಾರಿ ಬೆಸುಗೆ ಸರಿಗಿಲ್ಲ, ಅದ್ಕೇ ನಿಲ್ತಾಯಿಲ್ಲ’ ಎಂದು ಆಡಿಕೊಂಡದ್ದು ತಂಗಿಯ ಮೂಲಕ ನನ್ನ ಕಿವಿಗೂ ಬಿತ್ತು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ತಂಗಿಗೆ ಬುದ್ಧಿ ಹೇಳೋಣವೆಂದು ಒಂದು ಸಂಜೆ ಅವಳ ಮನೆಗೆ ಹೋಗಿ ಉಳಿದುಕೊಂಡೆ. ಆ ಗಾಡಿ ಹತ್ತಬೇಡ ಎಂದೆ. ಅವಳೂ ನನ್ನ ತಂಗಿಯೇ ತಾನೇ, ಸೋಲುತ್ತಾಳೆಯೇ?

‘ಅಣ್ಣಾ, ಗಾಡಿ ಹತ್ಬೇಡ ಅನ್ನೋದೂ ಒಂದೇ, ಕೆಲ್ಸ ಬುಡು ಅನ್ನೋದೂ ಒಂದೇ. ಬಸ್ಸು ತರ್ಸಿಕೊಡು, ಬುಡ್ತೀನಿ.’

‘ಅದು ಮುರ್ಕೊಂಡು ಬಿದ್ರೆ ಏನ್ ಮಾಡ್ತೀಯೆ?’

‘ಗೌಡ್ರು ಅಂಗೆಲ್ಲಾ ಬೀಳುಸ್ತಾರಾ?’

ಗೌಡರು ಬೀಳಿಸುವುದಿಲ್ಲ ಕಣೇ, ಚಾಸಿ ಬೀಳಿಸುತ್ತದೆ ಎಂದೆ. ಅವಳು ಮುದ್ದೆ ಕಟ್ಟಲು ಎದ್ದುಹೋದಳು. ಇಡೀ ಊರಿಗೆ ಊರೇ ಅವರ ಮೇಲೆ ಅಷ್ಟು ಭರವಸೆ ಇಟ್ಟುಕೊಂಡು ಕೂತಿತ್ತು. ನಾನೊಬ್ಬನೇ ಅಪಶಕುನದ ಹಕ್ಕಿ.

ಮರುದಿನ ಅಮಾವಾಸ್ಯೆ. ಬೆಳಕು ಹರಿಯುವ ಹೊತ್ತಿಗೆ ಮುಖ ತೊಳೆಯಲು ಹೊರಗೆ ಬಂದೆ. ಬೀದಿಯ ತುದಿಯಲ್ಲಿ ಗೌಡರ ಮನೆ, ಮನೆಯ ಮುಂದೆ ಪಿಕಪ್ಪು. ಪಿಕಪ್ಪಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿವೆ. ಚಾಸಿಯ ಮಾತೆತ್ತಿದರೆ ಕಿವುಡಾಗುವ ಮನುಷ್ಯ ಕೆಳಗೆ ಏನು ಮಾಡುತ್ತಿದ್ದಾರೆ? ಸದ್ದಿಲ್ಲದೆ ಹತ್ತಿರ ಹೋಗಿ ಬಗ್ಗಿದೆ. ಆಗತಾನೇ ಸ್ನಾನ ಮಾಡಿದ ಒದ್ದೆ ಮೈ, ಹಣೆಗೆ ಕುಂಕುಮ, ಹಲ್ಲಿನಲ್ಲಿ ಹಸಿರು ಅಂಚಿನ ಹುರಿ ಕಚ್ಚಿಕೊಂಡು, ಎಡಗಡೆಯ ಮೂಲೆಗೆ ಏನನ್ನೋ ಕಟ್ಟುತ್ತಿದ್ದರು.

‘ಏನ್ ಗೌಡ್ರೇ ಅದು?’

ಬೆಚ್ಚಿ ತಲೆ ಎತ್ತಿದರು. ತಲೆ ಚಾಸಿಗೆ ಬಡಿಯಿತು. ಕಬ್ಬಿಣ ಠಣ್ಣೆನ್ನಲಿಲ್ಲ, ಒಡಕು ಮಡಕೆಯ ಹಾಗೆ ಬೊದ್ದೆಂದಿತು. ತಲೆ ಉಜ್ಜಿಕೊಳ್ಳುತ್ತ, ‘ನೀನ್ಯಾಕ್ಲಾ ಬಂದೆ ಇಲ್ಲಿಗೆ?’ ಎಂದರು.

ನಾನೂ ಪಕ್ಕದಲ್ಲಿ ಮಲಗಿಕೊಂಡೆ. ಚಾಸಿಯ ಚಾನಲ್ಲಿನ ಮಡಿಕೆಯ ಒಳಗೆ ಒಂದು ಬಟ್ಟೆಯ ಗಂಟು. ಹಳೆಯದು, ಒದ್ದೆಯಾಗಿ ಒಸರುತ್ತಿದೆ. ಅದರ ಪಕ್ಕದಲ್ಲೇ ಈಗ ಕಟ್ಟುತ್ತಿರುವ ಹೊಸ ಗಂಟು. ಒಸರಿದ ನೀರು ನನ್ನ ಪ್ಯಾಚಿನ ಅಂಚಿಗೇ ಇಳಿದು ಅಲ್ಲೇ ನಿಂತಿದೆ. ಬೆರಳು ಒತ್ತಿ ನಾಲಗೆಗೆ ಇಟ್ಟುಕೊಂಡೆ.

‘ಉಪ್ಪು!’

‘ಮೆಲ್ಲುಕ್ ಮಾತಾಡ್ಲಾ! ಬಾಯ್ ಬುಟ್ರೆ ಫಲ ಓಯ್ತದೆ.’

ಇಬ್ಬರೂ ಗಾಡಿಯ ಕೆಳಗೆ ಅಂಗಾತ ಮಲಗಿಕೊಂಡೇ ಮಾತಾಡಿದೆವು. ಅವರ ಅವ್ವ ಪ್ರತಿ ಅಮಾವಾಸ್ಯೆಗೆ ಎತ್ತಿನ ಗಾಡಿಗೆ ಕಲ್ಲುಪ್ಪು, ಒಣಮೆಣಸಿನಕಾಯಿ ನಿವಾಳಿಸಿ, ಗಂಟು ಮಾಡಿ ಯಾರಿಗೂ ಕಾಣದ ಹಾಗೆ ಗಾಡಿಯ ಅಡಿಯ ತೊಲೆಗೆ ಕಟ್ಟುತ್ತಿದ್ದರಂತೆ. ದೃಷ್ಟಿ ತಾಗದಿರಲಿ ಎಂದು. ಆ ಗಾಡಿ ಗೌಡರ ಅಪ್ಪನ ಕಾಲದಿಂದ ಇವರ ಕಾಲದವರೆಗೆ ಒಮ್ಮೆಯೂ ಮಗುಚಲಿಲ್ಲವಂತೆ. ಅವ್ವ ಹೋದಳು, ಗಾಡಿ ಮಾರಿದ್ದಾಯಿತು, ಗಂಟು ಕಟ್ಟುವುದು ಮಾತ್ರ ಇವರಿಗೆ ಬಂತು. ಅದು ಮರದ ಗಾಡಿ! ಉಪ್ಪು ಮರಕ್ಕೆ ಏನು ಮಾಡೀತು? ಕಬ್ಬಿಣಕ್ಕೆ ಉಪ್ಪು ಕಟ್ಟುವುದೂ ಒಂದೇ, ಗಾಯಕ್ಕೆ ಹುಳ ಬಿಡುವುದೂ ಒಂದೇ.

‘ನನ್ನ ಅಂಗಡಿಗೆ ಬಂದಾಗ ಒಂದು ದಿನಕ್ಕೂ ಇದು ಕಾಣಲಿಲ್ಲವಲ್ಲ?’

‘ಬೆಂಕಿ ತೋರುಸ್ಬಾರ್ದು ಕಣ್ಲಾ ಇದ್ಕೆ. ನಿನ್ ಅಂಗ್ಡಿಲಿ ಕಿಡಿ ಆರ್ತವೆ. ಅದ್ಕೇ ಬಿಚ್ಚಿಟ್ ಬತ್ತಿದ್ದೆ. ವಾಪಸ್ ಬಂದೇಟ್ಗೆ ಕಟ್ತಿದ್ದೆ.’

ವರ್ಷಗಟ್ಟಲೆ ನನ್ನನ್ನು ನಾಲೆಯ ನೀರಿಗೂ, ಯೂರಿಯಾಕ್ಕೂ, ಹೂವಿನ ಚೀಲಕ್ಕೂ ಅಲೆದಾಡಿಸಿದ ಮನುಷ್ಯ ಇಷ್ಟು ನಿರಾಳವಾಗಿ ಹೇಳುತ್ತಿದ್ದಾರೆ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

‘ಅಷ್ಟುದ್ದ ಗಾಡಿ ಇದೆಯಲ್ಲ, ಕಟ್ಟೋಕೆ ಈ ಮೂಲೆಯೇ ಬೇಕಾಗಿತ್ತಾ?’

ಗೌಡರು ಬೆರಳೆತ್ತಿ ಮೇಲೆ ತೋರಿಸಿದರು. ‘ಎಣ್ಮಕ್ಳು ಕೂರದು ಇಲ್ಲೇ ಅಲ್ವೇನ್ಲಾ. ನಿನ್ ತಂಗೀನೂ ಇಲ್ಲೇ ಕೂರದು.’

ಹೊರಗೆ ಹೊರಳಿ ಎದ್ದು ಕೂಗಾಡಿದೆ. ‘ಅದಕ್ಕೇ ಕಣ್ರೀ ಅಲ್ಲೇ ತೂತು ಬಿದ್ದಿರೋದು! ಕಾಪಾಡ್ತೀನಿ ಅಂತ ಅವರ ಕೆಳಗೇ ಗುಂಡಿ ತೋಡ್ತಾ ಇದೀರಲ್ರೀ!’

‘ತೂತ್ ಬಿದ್ರೂ ಗಾಡಿ ಬಿದ್ದದಾ? ಯಾಕ್ ಬಿದ್ದಿಲ್ಲ ಯೋಳು. ಉಪ್ಪು ಕಟ್ಟಿರದ್ಕೇ!’

ಇಂಥವರ ಜೊತೆ ಬ್ರಹ್ಮ ಬಂದರೂ ವಾದ ಗೆಲ್ಲಲಾರ. ಅಷ್ಟು ಹೊತ್ತಿಗೆ ಹೂವಿನ ಚೀಲ, ಸೊಪ್ಪಿನ ಮಂಕರಿ ಹೊತ್ತ ಹೆಂಗಸರು ಬಂದು ಸುತ್ತ ನಿಂತಿದ್ದರು. ತಂಗಿಯೂ ಬುತ್ತಿ ಚೀಲ ಹಿಡಿದು ಬಂದಳು. ಒಂದಿಬ್ಬರು ಆಗಲೇ ಹಲಗೆಯ ಮೇಲೆ ಹತ್ತಿ ಕೂತಿದ್ದರು. ನಾನು ಗೌಡರ ಸೀಟಿನ ಕೆಳಗಿದ್ದ ಸ್ಕ್ರೂಡ್ರೈವರು ಕಿತ್ತುಕೊಂಡು ಬಂದೆ. ‘ಬಗ್ಗಿ ನೋಡಿ. ಸುತ್ತಿಗೆ ಬೇಡ, ನೋಯಿಸೋದೂ ಬೇಡ’ ಎಂದು ಆ ಹಸಿರು ಬಣ್ಣದ ಮೇಲೆ ಅದರ ತುದಿ ಇಟ್ಟು ಹೆಬ್ಬೆರಳಿನಿಂದ ಒತ್ತಿದೆ. ಹಿಡಿಯವರೆಗೂ ಹೋಯಿತು. ಹೊರಗೆ ಎಳೆದಾಗ ತೂತಿನಿಂದ ಕೆಂಪು ಪುಡಿ ಗೌಡರ ಪಾದದ ಮೇಲೆ ಸುರಿಯಿತು.

ಗೌಡರು ಆ ಪುಡಿಯನ್ನೇ ನೋಡುತ್ತ ನಿಂತರು. ಮುಖ ಬಾಡಿಹೋಗಿತ್ತು. ಆಮೇಲೆ ತಲೆಯ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, ಹಲಗೆಯ ಮೇಲೆ ಕೂತಿದ್ದವರ ಕಡೆ ತಿರುಗಿದರು.

‘ಇಳೀರವ್ವಾ. ಎಲ್ರೂ ಇಳೀರಿ. ಮೆಲ್ಲುಕ್ ಇಳೀರಿ.’

ಮೆಟ್ಟಿಲ ಕಲ್ಲನ್ನು ತಾವೇ ತಂದಿಟ್ಟು ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದರು. ನನ್ನ ಕಡೆ ನೋಡಲಿಲ್ಲ.

ಇಷ್ಟಕ್ಕೆ ಮುಗಿಯಿತು, ಗೌಡರಿಗೆ ಬುದ್ಧಿ ಬಂತು ಎಂದುಕೊಂಡಿರೋ? ಕೇಳಿ. ಪಕ್ಕದ ಮನೆಯವರ ಎತ್ತಿನ ಗಾಡಿ ಕೇಳಿ ತಂದರು. ತಾವೇ ಎತ್ತು ಹೂಡಿದರು. ಹೂವು, ಸೊಪ್ಪು, ಹೆಂಗಸರು ಎಲ್ಲರನ್ನೂ ಅದಕ್ಕೆ ಹತ್ತಿಸಿದರು, ಬಸ್ಸು ಸಿಗುವ ದೊಡ್ಡ ರಸ್ತೆಗೆ ಬಿಟ್ಟು ಬರುವುದೆಂದು. ಹೊರಡುವ ಮುನ್ನ ಒಂದು ನಿಮಿಷ ಎಂದು ಹೇಳಿ, ಪಿಕಪ್ಪಿನ ಕೆಳಗೆ ನುಸುಳಿ, ಆ ಹೊಸ ಉಪ್ಪಿನ ಗಂಟನ್ನು ಬಿಚ್ಚಿ ತಂದು ಎತ್ತಿನ ಗಾಡಿಯ ತೊಲೆಗೆ ಕಟ್ಟಿದರು!

‘ಇದು ಮರ ಕಣ್ಲಾ. ಇದ್ಕೇನೂ ಅನ್ಬ್ಯಾಡ’ ಎಂದರು, ನಾನು ಬಾಯಿ ತೆರೆಯುವ ಮೊದಲೇ.

ಎತ್ತುಗಳ ಹಗ್ಗ ಹಿಡಿದು ಕೂತ ಗೌಡರು ಹತ್ತು ವರ್ಷ ಚಿಕ್ಕವರಾದಂತಿತ್ತು. ತಂಗಿ ಹಿಂದಿನಿಂದ ನನ್ನ ಕಡೆ ಕೈ ಬೀಸಿದಳು.

ಖಾಲಿ ಪಿಕಪ್ಪನ್ನು ನಾನೇ ಆಮೆಯಂತೆ ನಡೆಸಿಕೊಂಡು ಅಂಗಡಿಗೆ ತಂದೆ. ತೊಟ್ಟಿ ಇಳಿಸಿ, ಗ್ಯಾಸಿನಲ್ಲಿ ಕತ್ತರಿಸಿದರೆ ಆ ಮೂಲೆ ಸುಟ್ಟ ಕಾಗದದಂತೆ ಉದುರಿತು. ಇಷ್ಟು ದಿನ ಅದು ಯಾವ ಆಧಾರದ ಮೇಲೆ ನಿಂತಿತ್ತೋ ದೇವರೇ ಬಲ್ಲ. ಹೊಸ ಚಾನಲ್ಲು ಕೂರಿಸಿ, ಎರಡೂ ಕಡೆ ಪಟ್ಟಿ ಕೊಟ್ಟು, ಬೋಲ್ಟು ಹಾಕಿ, ಬೆಸೆದು, ಇನ್ನೊಂದು ಜನ್ಮಕ್ಕೆ ಆಗುವಷ್ಟು ಗಟ್ಟಿ ಮಾಡಿದೆ. ಕೆಲಸ ಮುಗಿಯುವವರೆಗೂ ಗೌಡರು ದಿನಾ ಎತ್ತಿನ ಗಾಡಿಯಲ್ಲಿ ಹೆಂಗಸರನ್ನು ದೊಡ್ಡ ರಸ್ತೆಗೆ ಬಿಟ್ಟರಂತೆ. ಗಾಡಿ ಕೊಡುವಾಗ ನಾನು ಅವರಿಂದ ಆಣೆ ಮಾಡಿಸಿಕೊಂಡೆ, ಇನ್ನು ಕಬ್ಬಿಣಕ್ಕೆ ಉಪ್ಪು ಮುಟ್ಟಿಸುವುದಿಲ್ಲ ಎಂದು.

‘ಮತ್ತೆಲ್ಲಿ ಕಟ್ಟನ್ಲಾ?’ ಎಂದರು, ಆಟದ ಸಾಮಾನು ಕಳಕೊಂಡ ಮಗುವಿನ ಹಾಗೆ ಮುಖ ಮಾಡಿಕೊಂಡು.

‘ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಲ್ಲಾದ್ರೂ ಇಟ್ಕೊಳ್ಳಿ.’

‘ಪ್ಲಾಸ್ಟಿಕ್ ಸುತ್ತುದ್ರೆ ದೃಷ್ಟಿ ಎಂಗ್ಲಾ ಒಳಿಕ್ ಓದದು?’

ಕೊನೆಗೆ ನಾನು ಹೇಳಿದ್ದಕ್ಕೆ ತಂಗಿಯ ಗಂಡ ಹೆಂಗಸರ ಹಲಗೆಯ ಅಡಿಗೆ ಒಂದು ಮರದ ಗೂಟ ಕೂರಿಸಿಕೊಟ್ಟ, ಒಸರಿದರೆ ಹಿಡಿಯಲು ಕೆಳಗೊಂದು ತೆಂಗಿನ ಚಿಪ್ಪು. ವೆಲ್ಡಿಂಗ್ ಕಸುಬಿನವನು ಉಪ್ಪಿನ ಗಂಟಿಗೆ ಜಾಗ ಹುಡುಕಿಕೊಟ್ಟ ಕಥೆ ಬೆಳ್ಳೂರಿನ ನನ್ನ ಗುರುಗಳಿಗೆ ತಿಳಿದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಆಮೇಲೆ ಆ ಚಾಸಿಗೆ ಏನೂ ಆಗಲಿಲ್ಲ. ಅಂದರೆ ಗೌಡರಿಗೆ ನನ್ನ ಅಂಗಡಿಯಲ್ಲಿ ಕೆಲಸವೂ ಇರಲಿಲ್ಲ. ಆದರೂ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ನನ್ನ ಬೆಂಚಿನ ಮೇಲೆ ಕೂತು, ನನ್ನ ದುಡ್ಡಿನಲ್ಲೇ ಟೀ ಕುಡಿದು, ನನ್ನ ಕೆಲಸ ಕೆಡಿಸಿ, ‘ಕೈ ತೊಳ್ಕಂಡ್ ಬತ್ತೀನಿ ತಡಿ’ ಎಂದು ಹಿಂದಿನ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ಅಲ್ಲಿ ಎಷ್ಟೋ ಹೊತ್ತು ಕಳೆದು, ಹೊರಡುತ್ತಿದ್ದರು. ಈ ಮನುಷ್ಯನಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಒಳಗೊಳಗೆ ಗೊಣಗುತ್ತಿದ್ದೆ.

ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಎದೆಯಲ್ಲಿ ನೋವು ಬರುತ್ತಿತ್ತಂತೆ. ಮನೆಯವರು ಮೈಸೂರಿಗೆ ಹೋಗಿ ತೋರಿಸೋಣವೆಂದರೆ ಏನು ಹೇಳಿದರು ಗೊತ್ತೇ? ‘ಇನ್ನೊಂದ್ ಮಳೆಗಾಲ ತಡೀತದೆ ಬುಡ್ರಿ.’ ತಡೆಯಲಿಲ್ಲ. ಮಣ್ಣಿಗೆ ಹೋಗಿದ್ದೆ. ಊರೆಲ್ಲ ಅಳುತ್ತಿತ್ತು, ಸಾವಿತ್ರಿಯೂ ಅಳುತ್ತಿದ್ದಳು. ನನಗೆ ಹಿಡಿ ಮಣ್ಣು ಹಾಕುವಾಗಲೂ ಸಿಟ್ಟೇ ಬರುತ್ತಿತ್ತು. ಚಾಸಿಗೆ ಕೊಟ್ಟ ಕಿವಿಯನ್ನಾದರೂ ಎದೆಗೆ ಕೊಡಬಾರದಿತ್ತೇ ಈ ಮನುಷ್ಯ!

ನನ್ನ ಅಂಗಡಿಯ ಹಿಂಭಾಗದಲ್ಲಿ, ಕಿಡಿ ಹಾರದಂತೆ ತಗಡಿನ ಮರೆ ಕಟ್ಟಿದ ಕಡೆ, ಗ್ಯಾಸ್ ಸಿಲಿಂಡರು ನಿಲ್ಲಿಸುವ ಒಂದು ಕಬ್ಬಿಣದ ಸ್ಟ್ಯಾಂಡಿದೆ. ಅದರ ಗೋಡೆ ಕಡೆಯ ಕಾಲು ಎಷ್ಟೋ ಕಾಲದಿಂದ ತುಕ್ಕು ಹಿಡಿಯುತ್ತಿತ್ತು. ಡ್ರಮ್ಮಿನ ನೀರು ಚೆಲ್ಲಿ ಹೀಗಾಗಿದೆ ಎಂದು ಆಗಾಗ ಹೊರಗೆ ಕಾಣುವಷ್ಟಕ್ಕೆ ಬಣ್ಣ ಬಳಿಯುತ್ತಿದ್ದೆ. ಆ ಗಿರಾಕಿಯನ್ನು ಬೈದು ಕಳಿಸಿದ ಮೇಲೆ, ಸಿಟ್ಟು ಇಳಿಯದೆ, ಇದನ್ನಾದರೂ ಸರಿ ಮಾಡೋಣವೆಂದು ಸಿಲಿಂಡರು ಸರಿಸಿ ಸ್ಟ್ಯಾಂಡನ್ನು ತಿರುಗಿಸಿದೆ. ಕಾಲಿನ ಹಿಂದೆ, ಆಂಗಲ್ ಕಬ್ಬಿಣದ ಮಡಿಕೆಯಲ್ಲಿ, ಒಂದರ ಪಕ್ಕ ಒಂದು, ಚಿಕ್ಕ ಚಿಕ್ಕ ಬಟ್ಟೆಯ ಗಂಟುಗಳು. ಉಪ್ಪು ಕರಗಿ ಹೋಗಿ ಎಷ್ಟು ವರ್ಷವಾಗಿದೆಯೋ. ಬಟ್ಟೆ ಕೆಂಪು ತುಕ್ಕಿಗೆ ಅಂಟಿ ಗಟ್ಟಿಯಾಗಿದೆ. ಕಟ್ಟಿದ ಹುರಿಯಲ್ಲಿ ಮಾತ್ರ ಅಲ್ಲಲ್ಲಿ ಹಸಿರು ಉಳಿದಿದೆ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಣೆ ಹಾಕಿದ್ದಿರಲ್ಲ ಗೌಡ್ರೇ, ಕಬ್ಬಿಣಕ್ಕೆ ಮುಟ್ಟಿಸಲ್ಲ ಎಂದು! ಗೌಡರು ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ನನಗೆ ಗೊತ್ತು: ‘ಆಣೆ ನನ್ ಗಾಡಿಗ್ ಆಕಿದ್ದು ಕಣ್ಲಾ. ನಿನ್ ಸಿಲಿಂಡ್ರಿಗಲ್ಲ.’ ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಬೈಗುಳವೂ ಬಂತು.

ವೈರ್ ಬ್ರಶ್ಶು ತೆಗೆದುಕೊಂಡು ಆ ಕಾಲನ್ನು ಉಜ್ಜಿದೆ. ಎರಡು ಕೋಟು ರೆಡ್ ಆಕ್ಸೈಡ್ ಬಳಿದೆ. ಪಕ್ಕದ ಗೋಡೆಗೆ ಒಂದು ಮರದ ಗೂಟ ಹೊಡೆದೆ, ಕಬ್ಬಿಣದಿಂದ ದೂರಕ್ಕೆ. ನಿನ್ನೆ ಅಮಾವಾಸ್ಯೆ. ಅಂಗಡಿಗೆ ಹೊರಡುವಾಗ ಹೆಂಡತಿಯ ಹತ್ತಿರ ಒಂದು ಹಿಡಿ ಕಲ್ಲುಪ್ಪು ಕೇಳಿದೆ.

‘ಉಪ್ಯಾಕೆ ಅಂಗಡೀಗೆ?’ ಎಂದಳು.

‘ಸುಮ್ನೆ ಕೊಡೇ’ ಎಂದು ರೇಗಿದೆ. ಬಾಯಿ ಬಿಡುವಂತಿರಲಿಲ್ಲ.